ಬಾನೆಟ್ ಎತ್ತೋಕೂ ನಾಚಿಕೆಯಾ?

ಗೆಳೆಯರೇ, ಸ್ವಲ್ಪ ಉದ್ದ ಆಗಿದೆ. ಬಿಡುವು ಮಾಡ್ಕೊಂಡು ಓದಿ.

ಹೋದ ಭಾನುವಾರ ಬೆಳಿಗ್ಗೆ ಮನೆ ಮುಂದೆ ನನ್ನ ಹಳೇ ಮಾರುತಿ 800ರ ಬಾನೆಟ್ ಎತ್ತಿಕೊಂಡು ನಿಂತಿದ್ದೆ. ಹಳೇ ಲುಂಗಿ, ತೂತು ಬಿದ್ದ ಬನಿಯನ್ನು, ಮೊಣಕೈವರೆಗೂ ಮಸಿ. ಪಕ್ಕದಲ್ಲಿ ಹಳೇ ಪೇಪರ್ ಹಾಸಿ ಅದರ ಮೇಲೆ ಮೂರು ಸ್ಪಾರ್ಕ್ ಪ್ಲಗ್ ಸಾಲಾಗಿ ಇಟ್ಟಿದ್ದೆ. ಮನೆಗೆ ಬಂದಿದ್ದ ನನ್ನ ತಂಗಿ ಮಗ ಬಾಗಿಲಲ್ಲಿ ನಿಂತು ಅತ್ತಿತ್ತ ನೋಡಿ ಮೆಲ್ಲಗೆ ಹೇಳ್ದ: "ಮಾವ, ಒಳಗ್ ಬನ್ನಿ. ಜನ ನೋಡ್ತಾವ್ರೆ. ಗ್ಯಾರೇಜಿಗೆ ಕೊಟ್ರೆ ಆಗಲ್ವಾ?"

ಹುಡುಗ ಕೆಟ್ಟೋನಲ್ಲ. ಓದ್ತಾ ಇರೋದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಕೊನೇ ವರ್ಷ. ಪೆಟ್ರೋಲ್ ಎಂಜಿನ್ನಿನ ನಾಲ್ಕು ಸ್ಟ್ರೋಕ್ ಯಾವುದು ಅಂದ್ರೆ ಕಣ್ಣು ಮುಚ್ಚಿ ಚಿತ್ರ ಬಿಡಿಸ್ತಾನೆ. ಆದ್ರೆ ಜೀವನದಲ್ಲಿ ಒಂದು ಸಲವೂ ಪ್ಲಗ್ ಬಿಚ್ಚಿಲ್ಲ. ಬಿಚ್ಚೋಕೆ ಯಾರೂ ಬಿಟ್ಟಿಲ್ಲ ಅನ್ನೋದು ಸರಿಯಾದ ಮಾತು. ನನ್ನ ತಂಗಿ, ಭಾವ ಇಬ್ಬರೂ ಇಪ್ಪತ್ತು ವರ್ಷದಿಂದ ಒಂದೇ ಜಪ: "ನಮ್ಮ ಕೈ ಕೆಸರಾಗಿದ್ದು ಸಾಕು, ನಿನ್ನ ಕೈ ಕೆಸರಾಗ್ಬಾರ್ದು."

ಆ ಮಾತಿನ ಹಿಂದಿನ ನೋವು ನನಗೆ ಗೊತ್ತು. ಆದ್ರೂ ಆ ಮಾತಿನ ಜೊತೆ ಇವತ್ತು ಜಗಳ ಆಡ್ಬೇಕು ಅಂತಾನೇ ಇದನ್ನ ಬರೀತಾ ಇದೀನಿ.

ಮೊದಲು, ನಾನು ಯಾಕೆ ಸ್ಪ್ಯಾನರ್ ಹಿಡಿದೆ ಅಂತ ಹೇಳ್ಬಿಡ್ತೀನಿ.

ಆರೇಳು ವರ್ಷದ ಹಿಂದಿನ ಮಾತು. ನಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕುಡಿಯೋ ನೀರಿನ ವಿಚಾರಕ್ಕೆ ಕೇರಿ ಹುಡುಗನಿಗೆ ಹೊಡೆದಿದ್ರು. ನಾವು ಹೋಗಿ ಮಾತಾಡಿ, ಸಂಜೆ ಆ ಹುಡುಗನನ್ನೂ ಅವರಮ್ಮನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೊರಟ್ವಿ. ದಾರಿಯಲ್ಲಿ ಹುಡುಗನಿಗೆ ನೀರು ಕುಡಿಸೋಕೆ ಅಂತ ಎರಡು ನಿಮಿಷ ಎಂಜಿನ್ ಆಫ್ ಮಾಡಿದೆ. ಮತ್ತೆ ಕೀ ತಿರುಗಿಸಿದ್ರೆ ಕಟಕಟ ಅನ್ನುತ್ತೆ, ಸ್ಟಾರ್ಟ್ ಆಗಲ್ಲ. ರಾತ್ರಿ ಎಂಟೂವರೆ. ನೂರಿನ್ನೂರು ಹೆಜ್ಜೆ ದೂರದಲ್ಲಿ ಒಂದು ಗ್ಯಾರೇಜು, ಲೈಟ್ ಉರೀತಿತ್ತು. ಪುಣ್ಯ ಅಂದ್ಕೊಂಡು ಓಡಿದೆ.

ಗ್ಯಾರೇಜಿನ ಯಜಮಾನ ಜೊತೆಗೆ ಬಂದ. ಬರ್ತಾ ಬರ್ತಾ "ಯಾವೂರಿಂದ ಬರ್ತಿದೀರಾ?" ಅಂದ. ಊರ ಹೆಸರು ಹೇಳಿದೆ. ಗಾಡಿ ಹತ್ರ ಬಂದು ಹುಡುಗನ ತಲೆಗೆ ಕಟ್ಟಿದ್ದ ಟವೆಲ್ ನೋಡ್ದ. ಹಿಂದಿನ ಗಾಜಿನ ಮೇಲಿದ್ದ ಬಾಬಾಸಾಹೇಬರ ಸ್ಟಿಕ್ಕರ್ ನೋಡ್ದ. ಬಾನೆಟ್ ಮುಟ್ಟಲೇ ಇಲ್ಲ. "ಈಗ ಆಗಲ್ಲ ಸಾರ್, ಹುಡುಗ್ರಿಲ್ಲ, ಬೆಳಿಗ್ಗೆ ನೋಡೋಣ" ಅಂದ. ಹೋಗಿ ಶಟರ್ ಎಳ್ಕೊಂಡ. ಶಟರ್ ಕೆಳಗಿನ ಸಂದಿಯಲ್ಲಿ ಲೈಟ್ ಉರೀತಾನೇ ಇತ್ತು.

ಅವನು ಜಾತಿ ಹೆಸರು ಎತ್ತಲಿಲ್ಲ. ನಿಜವಾಗ್ಲೂ ಹುಡುಗ್ರು ಇರಲಿಲ್ವೇನೋ, ಅದೂ ಇರಬಹುದು. ಆದ್ರೆ ಇದು ಜಾತಿಯೋ ಸೋಮಾರಿತನವೋ ಅನ್ನೋ ಅನುಮಾನವನ್ನ ಜೀವನಪೂರ್ತಿ ಹೊತ್ಕೊಂಡು ತಿರುಗೋದೇ ನಮ್ಮ ಪಾಡು. ಬೇರೆಯವರಿಗೆ ಗಾಡಿ ಕೆಟ್ರೆ ಗಾಡಿ ಮಾತ್ರ ಕೆಟ್ಟಿರುತ್ತೆ.

ಒಂದು ಗಂಟೆ ಮೇಲೆ ಹತ್ತು ನಿಮಿಷ ಆ ತಾಯಿ, ಮಗ ಕತ್ತಲಲ್ಲಿ ಕೂತಿದ್ರು. ಕೊನೆಗೆ ಒಬ್ಬ ಲಾರಿ ಡ್ರೈವರ್ ನಿಲ್ಲಿಸ್ದ. ಟಾರ್ಚ್ ಬಿಟ್ಟು ಬ್ಯಾಟರಿ ನೋಡ್ದ. ಟರ್ಮಿನಲ್ ಮೇಲೆ ಬಿಳಿ ಪುಡಿ ಬೂಷ್ಟಿನ ಥರ ಕಟ್ಕೊಂಡಿತ್ತು, ಕ್ಲ್ಯಾಂಪ್ ಸಡಿಲ ಆಗಿತ್ತು. ಚಾಕುವಲ್ಲಿ ಕೆರೆದ, ಸ್ಪ್ಯಾನರಲ್ಲಿ ಬಿಗಿ ಮಾಡ್ದ, "ಈಗ ಹೊಡೀರಿ" ಅಂದ. ಒಂದೇ ಏಟಿಗೆ ಸ್ಟಾರ್ಟ್. ಎರಡು ನಿಮಿಷದ ಕೆಲಸ. ಟೀಗೆ ಕೊಟ್ಟ ದುಡ್ಡೂ ಇಸ್ಕೊಳ್ಳಲಿಲ್ಲ.

ಹುಡುಗನಿಗೆ ಐದು ಹೊಲಿಗೆ ಬಿತ್ತು, ಚೆನ್ನಾಗಿದಾನೆ ಈಗ. ಆದ್ರೆ ನನಗೆ ಆವತ್ತು ನಿದ್ದೆ ಬರಲಿಲ್ಲ. ಶಟರ್ ಎಳೆದವನ ಮೇಲಿನ ಸಿಟ್ಟಿಗಿಂತ ನನ್ನ ಮೇಲೇ ಸಿಟ್ಟು ಜಾಸ್ತಿ. ಕಾನೂನು ಗೊತ್ತು, ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ ಗೊತ್ತು, ತಹಶೀಲ್ದಾರ್ ಮುಂದೆ ಎರಡು ಗಂಟೆ ವಾದ ಮಾಡೋಕೆ ಗೊತ್ತು. ನಾನೇ ಓಡಿಸೋ ಗಾಡಿಯಲ್ಲಿ ಕರೆಂಟ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ.

ಇನ್ನೂ ಒಂದು ವಿಷಯ. ಅದಕ್ಕೆ ಹದಿನೈದು ದಿನ ಮುಂಚೆ ಟೌನಿನ ಒಂದು ಗ್ಯಾರೇಜಿನಲ್ಲಿ ಫುಲ್ ಸರ್ವೀಸ್ ಮಾಡಿಸಿದ್ದೆ. ಬಿಲ್ಲು 4,800 ರೂಪಾಯಿ. ಮಾರನೇ ದಿನ ಆ ಬಿಲ್ ಹುಡುಕಿ ತೆಗೆದು ಓದಿದೆ: ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್, ಬ್ಯಾಟರಿ ಚೆಕಪ್, ಟ್ಯೂನ್-ಅಪ್. ಬ್ಯಾಟರಿ ಚೆಕಪ್ ಎಷ್ಟರ ಮಟ್ಟಿಗೆ ಆಗಿತ್ತು ಅಂತ ಆ ರಾತ್ರಿಯೇ ಗೊತ್ತಾಗಿತ್ತು. ಏರ್ ಫಿಲ್ಟರ್ ಡಬ್ಬ ಬಿಚ್ಚಿದ್ರೆ ಒಳಗೆ ಮಣ್ಣು ಮೆತ್ಕೊಂಡ ಹಳೇ ಫಿಲ್ಟರ್ರೇ ಕೂತಿತ್ತು. ಕಾಸು ಕೊಟ್ಟಿದ್ದೆ ಹೊಸದಕ್ಕೆ.

ಎಲ್ಲಾ ಗ್ಯಾರೇಜೂ ಹೀಗೆ ಅಂತ ನಾನು ಹೇಳಲ್ಲ. ಅದರ ಬಗ್ಗೆ ಮುಂದೆ ಹೇಳ್ತೀನಿ. ಗೊತ್ತಿಲ್ಲದೋನು ಕೇಳಿದಷ್ಟು ಕೊಡ್ತಾನೆ, ಕೊಟ್ಟಿದ್ದನ್ನ ತಗೋತಾನೆ. ಇದು ಗ್ಯಾರೇಜಿಗೂ ಅಷ್ಟೇ, ತಾಲ್ಲೂಕು ಆಫೀಸಿಗೂ ಅಷ್ಟೇ.

ಆ ದಿನಗಳಲ್ಲೇ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಮತ್ತೆ ಓದಿದೆ. ಮುಂಚೆ ಹತ್ತು ಸಲ ಓದಿದ್ದೆ. ಅದರಲ್ಲಿ ಎರಡು ಗಾಡಿ ಕಥೆ ಇವೆ ಅಂತ ಆಗ ಹೊಳೀತು.

ಮೊದಲನೇದು 1901ರದ್ದು. ಹತ್ತು ವರ್ಷದ ಆಸುಪಾಸಿನ ಭೀಮರಾವ್ ಮನೆಯ ಮಕ್ಕಳ ಜೊತೆ ಸಾತಾರದಿಂದ ರೈಲು ಹತ್ತಿ, ಅಪ್ಪ ಕೆಲಸ ಮಾಡ್ತಿದ್ದ ಊರಿಗೆ ಹೊರಟಿರ್ತಾರೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದ್ರೆ, ಮಹಾರ್ ಮಕ್ಕಳು ಅಂತ ಗೊತ್ತಾದ ಮೇಲೆ ಒಬ್ಬ ಗಾಡಿಯವನೂ ಎತ್ತಿನ ಗಾಡಿ ಹೂಡಲ್ಲ. ಕೊನೆಗೆ ಒಂದು ಒಪ್ಪಂದ: ಡಬಲ್ ಬಾಡಿಗೆ ಕೊಡಬೇಕು, ಗಾಡಿಯನ್ನ ಮಕ್ಕಳೇ ಹೊಡೀಬೇಕು, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. ದುಡ್ಡೂ ನಮ್ಮದೇ, ದುಡಿಮೆಯೂ ನಮ್ಮದೇ!

ಎರಡನೇದು 1929ರದ್ದು. ಆಗ ಅವರು ಬ್ಯಾರಿಸ್ಟರ್, ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರು. ಚಾಳೀಸ್‌ಗಾಂವ್ ಸ್ಟೇಷನ್ನಿನಿಂದ ಮಹಾರ್ ಕೇರಿಗೆ ಕರ್ಕೊಂಡು ಹೋಗೋಕೆ ಟಾಂಗಾ ಕೇಳಿದ್ರೆ ಟಾಂಗಾದವರು ಒಪ್ಪಲ್ಲ. ಇಲ್ಲೂ ಅದೇ ಒಪ್ಪಂದ: ಟಾಂಗಾ ಬಾಡಿಗೆಗೆ ಕೊಡ್ತೀವಿ, ನಾವು ಹೊಡೆಯಲ್ಲ. ಬಂದ ಅತಿಥಿಯನ್ನ ನಡೆಸಿಕೊಂಡು ಹೋಗೋದು ಅವಮಾನ ಅಂತ ಕೇರಿಯವರಲ್ಲಿ ಒಬ್ಬ ಲಗಾಮು ಹಿಡೀತಾನೆ. ಅವನು ಹಿಂದೆಂದೂ ಟಾಂಗಾ ಹೊಡೆದೋನಲ್ಲ. ಹೊಳೆಯ ಸೇತುವೆ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಹೊರಗೆ ಎಗರಿ ಕಲ್ಲಿನ ಮೇಲೆ ಬೀಳ್ತಾರೆ. ಕುದುರೆ, ಗಾಡಿ ಹೊಳೆಗೆ. ಅವರ ಕಾಲು ಮುರಿಯುತ್ತೆ, ದಿನಗಟ್ಟಲೆ ಓಡಾಡೋಕಾಗಲ್ಲ.

ಈ ಕಥೆಯನ್ನ ನಾವು ಸಭೆಗಳಲ್ಲಿ ಹೇಳ್ತೀವಿ. ಬ್ಯಾರಿಸ್ಟರ್ ಆದ್ರೂ ಟಾಂಗಾದವನಿಗಿಂತ ಕೀಳು ಅನ್ನೋ ವ್ಯವಸ್ಥೆ ನೋಡಿ ಅಂತೀವಿ, ಚಪ್ಪಾಳೆ ಬೀಳುತ್ತೆ. ಆದ್ರೆ ಇನ್ನೊಂದು ಅರ್ಧವನ್ನ ನಾವು ಹೇಳಲ್ಲ, ಬಾಬಾಸಾಹೇಬರು ಬಚ್ಚಿಡದೆ ಬರೆದಿದಾರೆ. ಟಾಂಗಾ ಹೊಡೆಯೋದು ಸುಲಭ ಅಂದ್ಕೊಂಡ್ರು, ಕೂತೋನ ಜೀವಕ್ಕಿಂತ ಮರ್ಯಾದೆಯೇ ದೊಡ್ಡದು ಅಂದ್ಕೊಂಡ್ರು ಅಂತ. ಜಾತಿ ನಮ್ಮ ಕೈಯಿಂದ ಲಗಾಮು ಕಿತ್ಕೊಂಡಿತ್ತು, ಅದು ನಿಜ. ಲಗಾಮು ಹಿಡಿಯೋಕೆ ಕಲೀದೇ ಬರೀ ಮರ್ಯಾದೆಯಿಂದ ಗಾಡಿ ಓಡಲ್ಲ, ಇದೂ ಅಷ್ಟೇ ನಿಜ.

ಈಗ ನಮ್ಮ ಮನೆ ಕಥೆಗೆ ಬನ್ನಿ. ನನ್ನ ತಾತನ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಪಂಪ್‌ಸೆಟ್ ಇರಲಿಲ್ಲ, ಕಪಿಲೆ ಬಾವಿ. ಎತ್ತು ಹಿಂದೆ ಮುಂದೆ ನಡೆದು ತೊಗಲಿನ ಚೀಲದಲ್ಲಿ ನೀರೆತ್ತೋದು. ಆ ತೊಗಲನ್ನ ಹದ ಮಾಡಿ, ನೀರು ಸೋರದ ಹಾಗೆ ಹೊಲಿದು, ಹರಿದಾಗ ತೇಪೆ ಹಾಕೋನು ನನ್ನ ತಾತ. ಸುಗ್ಗಿಯಲ್ಲಿ ಕಣದ ಹೊರಗೆ ನಿಂತು ಒಂದಿಷ್ಟು ರಾಗಿ ಇಸ್ಕೊಂಡು ಬರ್ತಿದ್ದ. ಕಪಿಲೆ ನಿಂತ್ರೆ ಊರಿನ ಬೆಳೆ ಒಣಗುತ್ತೆ, ಅದನ್ನ ನಡೆಸೋನು ಅವನು. ಅಂದ್ರೆ ನನ್ನ ತಾತ ಊರಿನ ಮೆಕ್ಯಾನಿಕ್. ಹಾಗಂತ ಯಾರೂ ಕರೀಲಿಲ್ಲ. ಅವನು ಹೊಲಿದ ಚೀಲದ ನೀರು ಎಲ್ಲರ ಗದ್ದೆಗೆ ಆಗ್ತಿತ್ತು, ಅವನು ಮುಟ್ಟಿದ ಬಿಂದಿಗೆ ನೀರು ಆಗ್ತಿರಲಿಲ್ಲ.

ಆಮೇಲೆ ಕರೆಂಟ್ ಬಂತು, ಪಂಪ್‌ಸೆಟ್ ಬಂತು. ತಾತನ ಕೆಲಸ ಹೋಯ್ತು. ಹೊಸ ಮಿಷನ್ನಿನ ವಿದ್ಯೆ ಅವನ ಮಕ್ಕಳಿಗೆ ಬಂತಾ? ಬರಲಿಲ್ಲ. ಮೋಟಾರ್ ಕಟ್ಟೋ ಅಂಗಡಿ ಹಾಕೋಕೆ ರಸ್ತೆ ಪಕ್ಕ ಜಾಗ ಬೇಕು, ಬಂಡವಾಳ ಬೇಕು, ಸಾಲ ಕೊಡೋರು ಬೇಕು. ನಮ್ಮಪ್ಪ ಆ ಅಂಗಡಿಗೆ ಮೋಟಾರ್ ಹೊತ್ಕೊಂಡು ಹೋಗೋ ಕೂಲಿ ಆದ. ಹಳೇ ಕಸುಬು ಅವಮಾನದ ಜೊತೆ ಬಂತು; ಹೊಸ ಕಸುಬು ಮರ್ಯಾದೆ ಜೊತೆ ಬಂದಾಗ ಅದು ಬೇರೆಯವರ ಮನೆಗೆ ಹೋಯ್ತು. ಅದಕ್ಕೇ ನಾನು ಹೇಳೋದು: ನಾವು ಓದಿ ಮೇಲೆ ಬಂದ ಮೇಲೆ "ಕೈ ಕೆಸರು ಬೇಡ" ಅಂದ್ರೆ, ನಮ್ಮಿಂದ ಕಿತ್ಕೊಂಡಿದ್ದನ್ನ ನಾವೇ ಇನ್ನೊಂದು ಸಲ ಬಿಟ್ಟುಕೊಟ್ಟ ಹಾಗೆ.

ಆಯುಧಪೂಜೆ ದಿನ ನಮ್ಮ ಬೀದಿ ನೋಡ್ಬೇಕು. ಕಾರಿಗೆ ಮಾವಿನ ಸೊಪ್ಪು, ಬಾಳೆಕಂಬ, ಚೆಂಡು ಹೂ, ಚಕ್ರದ ಕೆಳಗೆ ನಿಂಬೆಹಣ್ಣು, ಕುಂಬಳಕಾಯಿ ಒಡೆದು ಕುಂಕುಮ ಚೆಲ್ಲಿ ರಸ್ತೆಯೆಲ್ಲಾ ಕೆಂಪು. ಆ ಕಾರುಗಳಲ್ಲಿ ಎಷ್ಟರ ಏರ್ ಫಿಲ್ಟರನ್ನ ಯಜಮಾನ ತೆಗೆದು ನೋಡಿದಾನೆ? ಆಯುಧಕ್ಕೆ ಪೂಜೆ, ಆಯುಧ ಹಿಡಿದು ದುಡಿಯೋ ಕೈಗೆ ಮೈಲಿಗೆ. ನಮ್ಮೋರು ಹಬ್ಬ ಮಾಡ್ಲಿ ಬಿಡ್ಲಿ, ಆ ಬುದ್ಧಿಯನ್ನ ಮಾತ್ರ ಕಲೀಬಾರ್ದು.

ಸರಿ, ಈಗ ಕೆಲಸದ ಮಾತು. ಟ್ಯೂನ್-ಅಪ್ ಅಂದ್ರೇನು?

ಕಾರ್ಬುರೇಟರ್ ಗಾಡಿಗಳ ಕಾಲದಲ್ಲಿ ಅದೊಂದು ನಿಜವಾದ ಕುಶಲ ಕೆಲಸ. ಸಿಬಿ ಪಾಯಿಂಟ್ ಉಜ್ಜಿ ಗ್ಯಾಪ್ ಇಡಬೇಕು, ಟೈಮಿಂಗ್ ಕೂರಿಸಬೇಕು, ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಎಂಜಿನ್ ಸದ್ದು ಕೇಳಿ ಹದ ಮಾಡ್ಬೇಕು. ಈಗಿನ ಎಂಪಿಎಫ್‌ಐ ಗಾಡಿಗಳಲ್ಲಿ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಅನ್ನೋದನ್ನೆಲ್ಲಾ ಒಳಗಿರೋ ಕಂಪ್ಯೂಟರೇ ನೋಡ್ಕೊಳ್ಳುತ್ತೆ. ಆದ್ರಿಂದ ಇವತ್ತು ಬಿಲ್ಲಿನಲ್ಲಿ "ಟ್ಯೂನ್-ಅಪ್" ಅಂತ ಬರೆದಿದ್ರೆ ಏನು ಮಾಡಿದ್ರಿ ಅಂತ ಕೇಳಿ. ಹೆಚ್ಚಿನಂಶ ಅದು ಕೆಳಗಿನ ಕೆಲಸಗಳೇ. ಇವನ್ನ ಮನೆ ಮುಂದೆ, ಎಂಜಿನ್ ತಣ್ಣಗಿದ್ದಾಗ, ನಾವೇ ಮಾಡಬಹುದು.

1. ಏರ್ ಫಿಲ್ಟರ್. ಕ್ಲಿಪ್ಪೋ ಸ್ಕ್ರೂವೋ ಬಿಚ್ಚಿದ್ರೆ ಡಬ್ಬದ ಒಳಗೆ ಕಾಗದದ ಮಡಿಕೆ ಥರ ಕೂತಿರುತ್ತೆ. ತೆಗೆದು ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ಬೆಳಕಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ರೆ ಹೊಸದು ಹಾಕಿ. ನೀರಲ್ಲಿ ತೊಳೀಬೇಡಿ. ನಮ್ಮ ಮಣ್ಣು ರಸ್ತೆಗಳಲ್ಲಿ ಓಡಾಡೋ ಗಾಡಿಗೆ ಬೇಗ ಬೇಗ ನೋಡ್ಬೇಕು. ಐದು ನಿಮಿಷದ ಕೆಲಸ.

2. ಬ್ಯಾಟರಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ಬಿಳಿ, ಹಸಿರು ಪುಡಿ ಕಟ್ಟಿದ್ರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಆ ಪುಡಿ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ. ಆ ರಾತ್ರಿ ನನಗೆ ಇದೊಂದು ಗೊತ್ತಿದ್ದಿದ್ರೆ ಸಾಕಿತ್ತು.

3. ಸ್ಪಾರ್ಕ್ ಪ್ಲಗ್. ಒಂದು ಸಲಕ್ಕೆ ಒಂದೇ ವೈರ್ ಬಿಚ್ಚಿ, ಅದರ ಪ್ಲಗ್ ಮುಗಿಸಿ, ವೈರ್ ಹಾಕಿ, ಆಮೇಲೆ ಮುಂದಿನದು. ಇಲ್ಲದಿದ್ರೆ ವೈರ್ ಅದಲು ಬದಲಾಗಿ ಎಂಜಿನ್ ಕೆಮ್ಮೋಕೆ ಶುರು ಮಾಡುತ್ತೆ. ಬಿಚ್ಚೋಕೆ ಮುಂಚೆ ಸುತ್ತಲಿನ ಮಣ್ಣು ಊದಿ ತೆಗೀರಿ, ಗುಂಡಿಯೊಳಗೆ ಬೀಳಬಾರ್ದು. ಗ್ಯಾಪ್ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತೆ, ಫಿಲ್ಲರ್ ಗೇಜ್ ಇಟ್ಟು ನೋಡಿ. ವಾಪಸ್ ಹಾಕುವಾಗ ಮೊದಲ ಸುತ್ತುಗಳನ್ನ ಬರೀ ಬೆರಳಲ್ಲೇ ತಿರುಗಿಸಿ. ಅಡ್ಡ ಮರೆ ಬಿದ್ರೆ ಅಲ್ಯೂಮಿನಿಯಂ ಹೆಡ್ ಹಾಳು. ನೂರು ರೂಪಾಯಿ ಉಳಿಸೋಕೆ ಹೋಗಿ ಸಾವಿರಗಟ್ಟಲೆ ದಂಡ ತೆರಬೇಕಾಗುತ್ತೆ.

ಪ್ಲಗ್ಗಿನ ತುದಿಯ ಬಣ್ಣ ಓದೋದು ಕಲೀರಿ. ತಿಳಿ ಕಂದು ಇದ್ರೆ ಎಂಜಿನ್ ಆರೋಗ್ಯವಾಗಿದೆ. ಒಣಗಿದ ಕರಿ ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಗಾಳಿ ಕಡಿಮೆ, ಏರ್ ಫಿಲ್ಟರ್ ಕಟ್ಟಿರಬಹುದು. ಆಯಿಲ್ ಜಿಡ್ಡು ಇದ್ರೆ ಆಯಿಲ್ ಸಿಲಿಂಡರ್ ಒಳಗೆ ಇಳೀತಿದೆ, ಮೆಕ್ಯಾನಿಕ್ ಹತ್ರ ಹೋಗಿ. ಸುಣ್ಣದ ಹಾಗೆ ಬೆಳ್ಳಗಿದ್ರೆ ಎಂಜಿನ್ ಕಾಯ್ತಾ ಇದೆ.

4. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್. ಇದೊಂದಕ್ಕೆ ಮಾತ್ರ ಎಂಜಿನ್ ಸ್ವಲ್ಪ ಬೆಚ್ಚಗಿರಲಿ. ಗಾಡಿ ಕೆಳಗೆ ಹೋಗ್ಬೇಕು, ಹುಷಾರು. ಬರೀ ಜ್ಯಾಕ್ ನಂಬಿ ಯಾವತ್ತೂ ಕೆಳಗೆ ನುಗ್ಗಬೇಡಿ. ಸರಿಯಾದ ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನ ಒಮ್ಮೆ ಅಲುಗಾಡಿಸಿ ನೋಡಿ ಆಮೇಲೆ. ಸ್ಟ್ಯಾಂಡ್ ಇಲ್ಲದಿದ್ರೆ ಈ ಕೆಲಸ ಗ್ಯಾರೇಜಿಗೇ ಬಿಡಿ. ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್ ಮಾತ್ರ ಹಾಕಿ.

5. ಕೂಲೆಂಟ್, ಟೈರ್ ಗಾಳಿ, ಬೆಲ್ಟ್. ಇವು ಬರೀ ನೋಡೋ ಕೆಲಸ. ರೇಡಿಯೇಟರ್ ಮುಚ್ಚಳವನ್ನ ಬಿಸಿ ಇದ್ದಾಗ ತೆಗೆದ್ರೆ ಮುಖ ಸುಟ್ಕೊಳ್ತೀರಿ.

ನನ್ನ ಲೆಕ್ಕ ಹೇಳ್ತೀನಿ. ಮೂರು ಪ್ಲಗ್ 360, ಏರ್ ಫಿಲ್ಟರ್ 200, ಮೂರು ಲೀಟರ್ ಆಯಿಲ್ 1,100, ಆಯಿಲ್ ಫಿಲ್ಟರ್ 120. ಒಟ್ಟು 1,780 ರೂಪಾಯಿ. ಆ 4,800ರ ಪಕ್ಕ ಇಟ್ಟು ನೋಡಿ. ಐರಾವತ ಯೋಜನೆಯಲ್ಲೋ ಬ್ಯಾಂಕ್ ಸಾಲದಲ್ಲೋ ಟ್ಯಾಕ್ಸಿ ತಗೊಂಡು ತಿಂಗಳಾದ್ರೆ ಕಂತು ಕಟ್ತಾ ಇರೋ ನಮ್ಮ ಹುಡುಗರಿಗೆ ಈ ಮೂರು ಸಾವಿರದ ಅರ್ಥ ನಾನು ಹೇಳಬೇಕಾಗಿಲ್ಲ. ಆದ್ರೆ ಹೊಸ ಗಾಡಿ ವಾರಂಟಿಯಲ್ಲಿದ್ರೆ ಕಂಪನಿ ಹೇಳಿದ ಸರ್ವೀಸ್ ತಪ್ಪಿಸಬೇಡಿ. ವಾರಂಟಿ ಕಳ್ಕೊಂಡು ನನ್ನನ್ನ ಬೈಬೇಡಿ. ಬ್ರೇಕ್, ಸ್ಟಿಯರಿಂಗ್, ಟೈಮಿಂಗ್ ಬೆಲ್ಟ್, ಪೆಟ್ರೋಲ್ ಲೈನ್, ಇವಕ್ಕೆ ಕೈ ಹಾಕಬೇಡಿ. ಚಾಳೀಸ್‌ಗಾಂವ್ ನೆನಪಿರಲಿ. ಗೊತ್ತಿಲ್ಲದ ಲಗಾಮನ್ನ ಹಟಕ್ಕೆ ಬಿದ್ದು ಹಿಡಿಯೋದೂ ತಪ್ಪೇ.

ತೆಗೆದ ಹಳೇ ಆಯಿಲ್ ವಿಚಾರ ಬೇರೆಯಾಗಿಯೇ ಹೇಳ್ಬೇಕು. ಅದನ್ನ ಮೋರಿಗೆ ಸುರೀಬೇಡಿ. ಡಬ್ಬದಲ್ಲಿ ತುಂಬಿ ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಆದ್ರೆ ನಮಗೆ ಕಾನೂನಿಗಿಂತ ಹತ್ತಿರದ ಕಾರಣ ಇದೆ. ಆ ಮೋರಿ ಕಟ್ಟಿಕೊಂಡ್ರೆ ಅದರೊಳಗೆ ಯಾರನ್ನ ಇಳಿಸ್ತಾರೆ? 2013ರಲ್ಲಿ ಹೊಸ ಕಾಯ್ದೆ ಬಂದ ಮೇಲೂ ಇಳಿಸ್ತಾನೇ ಇದಾರೆ, ನಮ್ಮೋರು ಸಾಯ್ತಾನೇ ಇದಾರೆ. ಮಲ ಹೊರುವ ಪದ್ಧತಿಯ ವಿರುದ್ಧ ಇಡೀ ದೇಶ ಸುತ್ತಿ ಹೋರಾಡಿದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲೇ ಹುಟ್ಟಿದೋರು. ನನ್ನ ಕಾರಿನ ಕೊಳೆ ನನ್ನಣ್ಣನ ಮೈಗೆ ಮೆತ್ತಬಾರ್ದು. ನಮ್ಮ ಕೆಲಸ ನಾವೇ ಮಾಡ್ಕೋತೀವಿ ಅನ್ನೋ ಹೆಮ್ಮೆ, ನಮ್ಮ ಗಲೀಜನ್ನೂ ನಾವೇ ನೋಡ್ಕೊಂಡಾಗ ಮಾತ್ರ ಹೆಮ್ಮೆ.

ಇನ್ನು ಎರಡು ಆಕ್ಷೇಪಣೆ. ಎರಡೂ ನಮ್ಮೋರೇ ಎತ್ತಿದ್ದು, ಎರಡೂ ತೂಕದ ಮಾತೇ.

ಒಂದು: "ಅಣ್ಣ, ನೀವು ದೈಹಿಕ ದುಡಿಮೆಯನ್ನ ಪವಿತ್ರ ಮಾಡ್ತಿದೀರಾ? ಕಸ ಗುಡಿಸೋದು ಸೇವೆ ಅಂತ ಗಾಂಧಿ ಹೇಳಿದ ಹಾಗೆ?"

ಖಂಡಿತಾ ಇಲ್ಲ. 1945ರ 'ವಾಟ್ ಕಾಂಗ್ರೆಸ್ ಅಂಡ್ ಗಾಂಧಿ ಹ್ಯಾವ್ ಡನ್ ಟು ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಬಾಬಾಸಾಹೇಬರು ಯಂತ್ರದ ಪರ ವಾದ ಮಾಡ್ತಾರೆ: ಮನುಷ್ಯ ಪಶುವಿನ ಹಾಗೆ ದುಡಿಯೋದು ತಪ್ಪಬೇಕು, ಅವನಿಗೆ ಬಿಡುವು ಸಿಗಬೇಕು, ಅದಕ್ಕೆ ಯಂತ್ರ ಬೇಕು ಅಂತ. ನಾನೂ ಅದೇ ಕಡೆ. ಯಾವ ಕೆಲಸವನ್ನ ಹುಟ್ಟಿನಿಂದ ಹೇರ್ತಾರೋ, ಬೇಡ ಅಂದ್ರೆ ಹೊಡೀತಾರೋ, ಅದರಲ್ಲಿ ಯಾವ ಪಾವಿತ್ರ್ಯವೂ ಇಲ್ಲ, ಅದು ನಿರ್ನಾಮ ಆಗಬೇಕು. ಆದ್ರೆ ಯಂತ್ರ ನಮ್ಮನ್ನ ಬಿಡುಗಡೆ ಮಾಡ್ಬೇಕು ಅಂದ್ರೆ ಯಂತ್ರ ನಮಗೆ ಗೊತ್ತಿರಬೇಕು. 1942ರಿಂದ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಮನುಷ್ಯ, ಪರಿಶಿಷ್ಟರ ಮಕ್ಕಳಿಗೆ ತಾಂತ್ರಿಕ ತರಬೇತಿ ಬೇಕು ಅಂತ ಸರ್ಕಾರವನ್ನ ಕೇಳಿದ್ದು ಸುಮ್ಮನೆ ಅಲ್ಲ. ನನಗೆ ಬೇಕು ಅಂತ, ನನ್ನ ಗಾಡಿಗೆ, ನನ್ನ ಭಾನುವಾರ, ಯಾಕೆ ಏನು ಅಂತ ತಿಳ್ಕೊಂಡು ಮಾಡೋ ಕೆಲಸ ಬೇರೆ. ನೀನು ಈ ಜಾತಿಯಲ್ಲಿ ಹುಟ್ಟಿದೀಯಾ ಮಾಡು ಅಂತ ಮಾಡಿಸೋದು ಬೇರೆ. ಮಸಿ ಒಂದೇ ಇರಬಹುದು, ಎರಡೂ ಒಂದೇ ಅಲ್ಲ.

ಎರಡು: "ನಾವೇ ಮಾಡ್ಕೊಂಡ್ರೆ ಗ್ಯಾರೇಜಿನ ಬಡವನ ಹೊಟ್ಟೆಪಾಡು?"

ಇದನ್ನ ನನಗೆ ಕೆಲಸ ಕಲಿಸಿದ ಮೇಸ್ತ್ರಿಗೇ ಕೇಳಿದೆ. ಬಸ್ ಸ್ಟ್ಯಾಂಡ್ ಹಿಂದಿನ ಒಂದು ಸಣ್ಣ ಶೆಡ್ಡಿನ ಭಾಯ್. ಎಂಟನೇ ವಯಸ್ಸಿಗೆ ಸೀಮೆಎಣ್ಣೆಯಲ್ಲಿ ಪಾರ್ಟ್ ತೊಳೆಯೋಕೆ ಸೇರಿದೋರು, ಸ್ಕೂಲ್ ಮೆಟ್ಟಿಲು ಹತ್ತಿಲ್ಲ. ಪ್ಲಗ್ ನೋಡಿದ್ರೆ ನಾಲಿಗೆ ನೋಡೋ ಡಾಕ್ಟರ್ ಥರ ಎಂಜಿನ್ ಖಾಯಿಲೆ ಹೇಳ್ತಾರೆ. ಪ್ಲಗ್ ಬಣ್ಣದ ಪಾಠ ಮೇಲೆ ಬರೆದಿದ್ದೆಲ್ಲಾ ಅವರದೇ. ಭಾಯ್ ನಕ್ಕು ಹೇಳಿದ್ರು: "ಏನ್ ಸಾರ್ ನೀವು, ಏರ್ ಫಿಲ್ಟರ್ ತಟ್ಟಿ ನಾನೇನು ಬಿಲ್ಡಿಂಗ್ ಕಟ್ಟಿದೀನಾ? ಗೊತ್ತಿರೋ ಗಿರಾಕಿ ಬಂದ್ರೆ ನಂಗೇ ಸಲೀಸು. 'ಎರಡನೇ ಪ್ಲಗ್ಗು ಎಣ್ಣೆ ಹಿಡೀತಾ ಐತೆ' ಅಂತ ಹೇಳ್ಕೊಂಡು ಬರ್ತಾನೆ. ಗೊತ್ತಿಲ್ಲದೋನು ಗಾಡಿ ಸದ್ದು ಮಾಡ್ತದೆ ಅಂತಾನೆ, ಅರ್ಧ ದಿವಸ ಹುಡುಕ್ಬೇಕು. ಆಮೇಲೆ ಕೂಲಿಗೆ ಚೌಕಾಸಿ ಬೇರೆ."

ಆ ಕೊನೇ ಮಾತು ನನಗೆ ನಾಟಿತು. ಕೆಲಸ ಎಷ್ಟು ಕಷ್ಟ ಅಂತ ಕೈಯಾರೆ ಮಾಡಿದೋನಿಗೆ ಮಾತ್ರ ಗೊತ್ತು. ತುಕ್ಕು ಹಿಡಿದ ಒಂದು ನಟ್ಟಿಗೆ ಮುಕ್ಕಾಲು ಗಂಟೆ ಬಡಿದಾಡಿ ಬೆರಳು ಕುಯ್ಸಿಕೊಂಡ ಮೇಲೆ ನಾನು ಭಾಯ್ ಹತ್ರ ಕೂಲಿಗೆ ಚೌಕಾಸಿ ಮಾಡಿಲ್ಲ. ಮೋಸದ ಬಿಲ್ ಯಾವುದು, ನ್ಯಾಯದ ಕೂಲಿ ಯಾವುದು ಅಂತ ಈಗ ಗೊತ್ತಾಗುತ್ತೆ. ಮೊದಲನೇದಕ್ಕೆ ಜಗಳ ಮಾಡ್ತೀನಿ, ಎರಡನೇದನ್ನ ಕೇಳಿದ ತಕ್ಷಣ ಕೊಡ್ತೀನಿ. ಆ ಶೆಡ್ಡಿನಲ್ಲಿ ಪಾರ್ಟ್ ತೊಳೀತಾ ಕೂತ ಹುಡುಗ ಕಂಡ್ರೆ "ಲೇ" ಅನ್ನಲ್ಲ; ಯಾಕಪ್ಪ ಸ್ಕೂಲಿಗೆ ಹೋಗಲ್ವಾ ಅಂತ ಕೇಳ್ತೀನಿ, ಭಾಯ್‌ಗೂ ಕೇಳ್ತೀನಿ.

ಕೊನೆಗೆ, ಸಂಘಟನೆಯ ಗೆಳೆಯರಿಗೆ ಒಂದು ಮಾತು.

ಏಪ್ರಿಲ್ 14 ಬಂತು ಅಂದ್ರೆ ಫ್ಲೆಕ್ಸ್ ಮೇಲೆ ಫ್ಲೆಕ್ಸ್. ಬಾಬಾಸಾಹೇಬರ ಫೋಟೋಗಿಂತ ನಮ್ಮ ಫೋಟೋನೇ ದೊಡ್ಡದು. ಈ ಸಲ ಎರಡು ಫ್ಲೆಕ್ಸ್ ಕಡಿಮೆ ಹಾಕೋಣ. ಆ ದುಡ್ಡಲ್ಲಿ ಒಂದು ಸ್ಪ್ಯಾನರ್ ಸೆಟ್, ಪ್ಲಗ್ ಸ್ಪ್ಯಾನರ್, ಫಿಲ್ಲರ್ ಗೇಜ್, ಒಂದು ಮಲ್ಟಿಮೀಟರ್ ತಗೊಂಡು ಅಂಬೇಡ್ಕರ್ ಭವನದ ಬೀರುವಿನಲ್ಲಿ ಇಡೋಣ. ಲೈಬ್ರರಿಯಲ್ಲಿ ಪುಸ್ತಕ ತಗೊಂಡ ಹಾಗೆ ಹೆಸರು ಬರೆದು ತಗೊಂಡು ಹೋಗಿ ವಾಪಸ್ ಇಡ್ಲಿ. ಕೇರಿಯ ಬೈಕು, ಆಟೋ, ಟ್ಯಾಕ್ಸಿ, ಟಂಟಂ ಎಲ್ಲಾ ಅಲ್ಲೇ ಬರಲಿ. ಪುಸ್ತಕ ಮತ್ತು ಸ್ಪ್ಯಾನರ್ ಒಂದೇ ಬೀರುವಿನಲ್ಲಿ ಇರಲಿ.

ಐಟಿಐಗೆ ಸೇರ್ತೀನಿ ಅನ್ನೋ ಹುಡುಗನನ್ನ "ಬರೀ ಐಟಿಐನಾ" ಅಂತ ಮೂದಲಿಸಬೇಡಿ. ಮೋಟಾರ್ ಮೆಕ್ಯಾನಿಕ್ ಎರಡು ವರ್ಷದ ಕೋರ್ಸು, ಕಲ್ತೋನು ಸ್ವಂತ ಶೆಡ್ ಹಾಕಬಹುದು. ಆ ಶೆಡ್ಡಿಗೆ ಜಾಗ, ಸಾಲ ಕೊಡಿಸೋದು ನಮ್ಮ ಹೋರಾಟ ಆಗಲಿ. ಮತ್ತೆ, ಹೆಣ್ಣುಮಕ್ಕಳನ್ನ ದೂರ ನಿಲ್ಲಿಸಬೇಡಿ. ರಾತ್ರಿ ಗಾಡಿ ಕೆಟ್ಟು ನಿಂತಾಗ ಈ ವಿದ್ಯೆ ಅವರಿಗೇ ಹೆಚ್ಚು ಬೇಕು.

ಅಂದ ಹಾಗೆ, ತಂಗಿ ಮಗನ ಕಥೆ. ಆವತ್ತು ಅವನು ಒಳಗೆ ಹೋಗ್ಲಿಲ್ಲ, ಹತ್ರಾನೂ ಬರಲಿಲ್ಲ, ಬಾಗಿಲಲ್ಲೇ ನಿಂತಿದ್ದ. ನಾನು ಏನೂ ಹೇಳದೆ ಮೂರನೇ ಪ್ಲಗ್ ಅವನ ಕಡೆ ಚಾಚಿದೆ. ಕರ್ರಗಿತ್ತು. ಸ್ವಲ್ಪ ಹೊತ್ತು ನೋಡಿ, "ರಿಚ್ ಮಿಕ್ಸ್ಚರ್ ಅಲ್ವಾ ಮಾವ ಇದು?" ಅಂದ. ಪುಸ್ತಕದಲ್ಲಿ ಓದಿದ್ದು ಮೊದಲ ಸಲ ಕಣ್ಣಿಗೆ ಬಿದ್ದಿತ್ತು. ಎದುರು ಮನೆಯೋರು ಆಗಲೂ ನೋಡ್ತಾನೇ ಇದ್ರು. ಅವನು ಪ್ಯಾಂಟ್ ಮಡಿಚಿಕೊಂಡು ಏರ್ ಫಿಲ್ಟರ್ ಡಬ್ಬದ ಕ್ಲಿಪ್ ಎಲ್ಲಿದೆ ಅಂತ ಹುಡುಕೋಕೆ ಶುರು ಮಾಡ್ದ.

ಬರೋ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆ ಮುಂದೆ ಮತ್ತೆ ಬಾನೆಟ್ ಎತ್ತುತ್ತೀವಿ. ಹತ್ತಿರದಲ್ಲಿರೋರು ನಿಮ್ಮ ಗಾಡಿ ತನ್ನಿ, ಗಾಡಿ ಇಲ್ಲದೋರು ಸುಮ್ಮನೆ ಬನ್ನಿ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ. ಟೀ ನಮ್ಮ ಮನೇಲಿ.

ಜನ ನೋಡ್ಲಿ.

ಜೈ ಭೀಮ್.